ಕೇಸು ಯಾರದು, ವಕಾಲತ್ತು ಯಾರದು, ದುಡ್ಡು ಯಾರದು?

ಬಡವರ ಪರವಾಗಿ, ಊರಿನ ಹಿತಕ್ಕಾಗಿ ಕೋರ್ಟಿಗೆ ಹೋಗುವ, ಲಾಭದ ಉದ್ದೇಶವಿಲ್ಲದ ಕಾನೂನು ಸಂಸ್ಥೆಯನ್ನು ಕಟ್ಟುವುದು ಹೇಗೆ ಎಂದು ಕೇಳಿ ಬಂದ ಪತ್ರಗಳಿಗೆ ಈ ಸಲದ ಅಂಕಣ ಮೀಸಲು. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟು ಸೇರಿಸಿದ್ದೇವೆ. ಕೇಳಿದವರ ಹೆಸರು ಬಿಟ್ಟು ಊರನ್ನಷ್ಟೇ ಹಾಕಿದ್ದೇವೆ.

ಪ್ರಶ್ನೆ: ನಾವು ಐವರು ಕಿರಿಯ ವಕೀಲರು, ಇಬ್ಬರು ಸಮಾಜಕಾರ್ಯ ಓದಿದವರು. ಜಮೀನು ಕಳೆದುಕೊಂಡವರ, ಗುತ್ತಿಗೆ ಪೌರಕಾರ್ಮಿಕರ ಕೇಸು ನಡೆಸುವ ಸಂಸ್ಥೆ ಮಾಡಬೇಕೆಂದಿದ್ದೇವೆ. ಟ್ರಸ್ಟ್ ಒಳ್ಳೆಯದೋ, ಸಂಘವೋ, 8ನೇ ಕಲಮಿನ ಕಂಪನಿಯೋ? (ಧಾರವಾಡ)

ಉತ್ತರ: ಮೂರರಲ್ಲಿ ಯಾವುದಾದರೂ ಆಗುತ್ತದೆ. ಆದರೆ ನೀವು ಕಟ್ಟುತ್ತಿರುವುದು ಕೋರ್ಟಿಗೆ ಹೋಗುವ ಸಂಸ್ಥೆ. ಎದುರು ಪಕ್ಷದ ವಕೀಲರು ಮೊದಲು ಕೆದಕುವುದು ನಿಮ್ಮ ಕಾಗದಪತ್ರಗಳನ್ನೇ. ಆಯ್ಕೆ ಮಾಡುವಾಗ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಟ್ರಸ್ಟ್ ಬೇಗ ಆಗುತ್ತದೆ. ಡೀಡ್ (ಟ್ರಸ್ಟಿನ ಉದ್ದೇಶ, ನಿಯಮಗಳ ಪತ್ರ) ಬರೆಸಿ, ಮುದ್ರಾಂಕ ಶುಲ್ಕ ಕಟ್ಟಿ, ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಿದರೆ ಮುಗಿಯಿತು. 1882ರ ನ್ಯಾಸ ಕಾಯ್ದೆ ಇರುವುದು ಖಾಸಗಿ ಟ್ರಸ್ಟುಗಳಿಗೆ. ಸಾರ್ವಜನಿಕ ದತ್ತಿಗೆ ಅದು ನೇರವಾಗಿ ಅನ್ವಯಿಸದು. ಮಹಾರಾಷ್ಟ್ರದಲ್ಲಿರುವಂಥ ಚಾರಿಟಿ ಕಮಿಷನರ್ ವ್ಯವಸ್ಥೆಯೂ ನಮ್ಮಲ್ಲಿಲ್ಲ. ಹಾಗಾಗಿ ಡೀಡ್‌ನಲ್ಲಿ ಬರೆದದ್ದೇ ಕಟ್ಟಳೆ, ಬರೆಯದೆ ಬಿಟ್ಟದ್ದೇ ತಲೆನೋವು. ಹೆಚ್ಚಿನವರು ಬಿಡುವುದು ಮೂರು ಸಂಗತಿ: ಡೀಡ್ ತಿದ್ದುವ ಅಧಿಕಾರ ಯಾರಿಗೆ, ಟ್ರಸ್ಟಿಯೊಬ್ಬರು ತೀರಿಕೊಂಡರೆ ಅಥವಾ ಬಿಟ್ಟುಹೋದರೆ ಹೊಸಬರನ್ನು ನೇಮಿಸುವವರು ಯಾರು, ಸಂಸ್ಥೆ ಮುಚ್ಚಿದರೆ ಆಸ್ತಿ ಯಾರಿಗೆ. ತಿದ್ದುಪಡಿಯ ಕಲಮೇ ಇಲ್ಲದಿದ್ದರೆ ಮುಂದೆ ಒಂದು ಉದ್ದೇಶ ಸೇರಿಸುವುದಕ್ಕೂ ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಕಲಮಿನಡಿ ನೀವೇ ಕೋರ್ಟಿನ ಮುಂದೆ ನಿಲ್ಲಬೇಕಾದೀತು. ಮುಚ್ಚುವಾಗ ಉಳಿದ ಆಸ್ತಿ ಇಂಥದೇ ಉದ್ದೇಶದ ಇನ್ನೊಂದು ಸಂಸ್ಥೆಗೆ ಹೋಗಬೇಕು, ಟ್ರಸ್ಟಿಗಳಿಗಲ್ಲ; ಹೀಗೆಂದು ಬರೆಯದ ಡೀಡನ್ನು ಆದಾಯ ತೆರಿಗೆ ಕಚೇರಿ ವಾಪಸು ಕಳಿಸುತ್ತದೆ. ಟ್ರಸ್ಟ್ ಎಂಬುದಕ್ಕೆ ಸ್ವಂತ ಕಾನೂನು ವ್ಯಕ್ತಿತ್ವ ಇಲ್ಲವಾದ್ದರಿಂದ ಅದರ ಹೆಸರಲ್ಲಿ ದಾವೆ ಹೂಡಿದರೆ ‘ಟ್ರಸ್ಟಿಗಳೆಲ್ಲ ಪಕ್ಷಗಾರರಾಗಿಲ್ಲ’ ಎಂಬ ತಕರಾರು ಬರುವುದು ಮಾಮೂಲು.

ಸಂಘಕ್ಕೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ. ಕನಿಷ್ಠ 7 ಸದಸ್ಯರು ಬೇಕು. ನೋಂದಣಿ ಸಹಕಾರ ಇಲಾಖೆಯ ಜಿಲ್ಲಾ ನೋಂದಣಾಧಿಕಾರಿಯಲ್ಲಿ. ನಿಮ್ಮ ಲೆಕ್ಕ ಸರಿಯಾಗಿ ಏಳಕ್ಕೆ ಬರುತ್ತದೆ ನಿಜ, ಆದರೆ ಒಬ್ಬರು ಕೈಬಿಟ್ಟರೆ ಕೊರತೆ. ದಾವೆ ಯಾರ ಹೆಸರಲ್ಲಿ ಎಂಬುದನ್ನು 15ನೇ ಕಲಂ ಮತ್ತು ನಿಮ್ಮ ಬೈಲಾ ಹೇಳುತ್ತವೆ. ಅಧ್ಯಕ್ಷರೋ ಕಾರ್ಯದರ್ಶಿಯೋ ಎಂದು ಬೈಲಾದಲ್ಲೇ ಸ್ಪಷ್ಟಪಡಿಸಿ. ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ, ಅದಾದ 14 ದಿನದೊಳಗೆ ಕಾರ್ಯಕಾರಿ ಸಮಿತಿಯ ಪಟ್ಟಿ ಸಲ್ಲಿಕೆ. ಎರಡು ವರ್ಷ ಇದನ್ನು ಮರೆತ ಸಂಘ ಕೋರ್ಟಿಗೆ ಹೋದರೆ ‘ಈ ಕಾರ್ಯದರ್ಶಿಯನ್ನು ಯಾರು ಆರಿಸಿದರು?’ ಎಂಬ ಪ್ರಶ್ನೆಗೇ ಮೊದಲ ಆರು ತಿಂಗಳು ಹೋದಾವು. ಇನ್ನೂ ಒಂದಿದೆ. ಈ ಕಾಯ್ದೆಯ 25ನೇ ಕಲಂ ನೋಂದಣಾಧಿಕಾರಿಗೆ ವಿಚಾರಣೆಯ ಅಧಿಕಾರ ಕೊಡುತ್ತದೆ, 27ಎ ಕಲಂ ಆಡಳಿತಾಧಿಕಾರಿಯನ್ನು ನೇಮಿಸಲು ಸರ್ಕಾರಕ್ಕೆ ದಾರಿ ಮಾಡುತ್ತದೆ. ಸರ್ಕಾರದ ಮೇಲೇ ಕೇಸು ಹಾಕಲು ಹೊರಟವರು ಇದನ್ನು ತಿಳಿದೇ ಹೊರಡಬೇಕು.

2013ರ ಕಂಪನಿ ಕಾಯ್ದೆಯ 8ನೇ ಕಲಮಿನ ಕಂಪನಿಗೆ ಇಬ್ಬರು ನಿರ್ದೇಶಕರು ಸಾಕು. ಸ್ವಂತ ಕಾನೂನು ವ್ಯಕ್ತಿತ್ವ ಇದೆ, ಸ್ವಂತ ಹೆಸರಲ್ಲೇ ದಾವೆ ಹೂಡಬಹುದು, ಲಾಭಾಂಶ ಹಂಚುವಂತಿಲ್ಲ. ಡಿಜಿಟಲ್ ಸಹಿ, ಸ್ಪೈಸ್ ಪ್ಲಸ್ ಎಂಬ ನೋಂದಣಿ ಅರ್ಜಿ, ಐಎನ್‌ಸಿ-13 ನಮೂನೆಯಲ್ಲಿ ಮೆಮೊರಾಂಡಮ್, ಎಲ್ಲವೂ ಆನ್‌ಲೈನ್. ಹೆಸರಿನಲ್ಲಿ ಫೌಂಡೇಷನ್, ಅಸೋಸಿಯೇಷನ್, ಫೋರಂ, ಕೌನ್ಸಿಲ್‌ನಂಥ ಪದ ಇರಬೇಕು. ಬೆಲೆ ತೆರಬೇಕಾದ್ದು ಆಮೇಲೆ: ವಹಿವಾಟು ಸೊನ್ನೆಯಿದ್ದರೂ ಆಡಿಟ್, ವಾರ್ಷಿಕ ಸಭೆಯಾದ 30 ದಿನದೊಳಗೆ ಲೆಕ್ಕಪತ್ರದ ನಮೂನೆ ಎಒಸಿ-4, 60 ದಿನದೊಳಗೆ ವಾರ್ಷಿಕ ವಿವರಪಟ್ಟಿ ಎಂಜಿಟಿ-7. ತಡವಾದರೆ ಒಂದೊಂದು ನಮೂನೆಗೂ ದಿನಕ್ಕೆ 100 ರೂಪಾಯಿ. ಎರಡೂ ಒಂದು ವರ್ಷ ಬಾಕಿ ಉಳಿದರೆ ದಂಡ 70,000 ದಾಟುತ್ತದೆ. ಅಷ್ಟು ಹಣದಲ್ಲಿ ಎಷ್ಟು ದೃಢೀಕೃತ ನಕಲು ತೆಗೆಸಬಹುದಿತ್ತು ಎಂದು ಲೆಕ್ಕ ಹಾಕಿ.

ನಮ್ಮ ಸಲಹೆ: ಕೈಯಲ್ಲಿ ದೊಡ್ಡ ಅನುದಾನವಿಲ್ಲದೆ ಶುರುಮಾಡುವವರಿಗೆ ಐದು ಟ್ರಸ್ಟಿಗಳ ಟ್ರಸ್ಟ್ ಸಾಕು. ಅದರಲ್ಲಿ ಇಬ್ಬರಿಗಿಂತ ಹೆಚ್ಚು ವಕೀಲರು ಬೇಡ. ಕಾರಣ ಕೆಳಗೆ ಮೈಸೂರಿನವರಿಗೆ ಕೊಟ್ಟ ಉತ್ತರದಲ್ಲಿದೆ. ದೊಡ್ಡ ಪ್ರತಿಷ್ಠಾನಗಳಿಂದ ಹಣ ಬರುವ ಸೂಚನೆ ಇದ್ದು, ಲೆಕ್ಕ ನೋಡುವುದಕ್ಕೇ ಒಬ್ಬರನ್ನು ಇಟ್ಟುಕೊಳ್ಳುವ ಶಕ್ತಿಯಿದ್ದರೆ ಮಾತ್ರ ಕಂಪನಿ.

ಪ್ರಶ್ನೆ: ಉದ್ದೇಶಗಳ ಪಟ್ಟಿಯಲ್ಲಿ ಏನು ಬರೆಯಬೇಕು? ಆಡಿಟರ್ ಒಬ್ಬರು ‘ಎಲ್ಲವನ್ನೂ ಸೇರಿಸಿಬಿಡಿ, ಮುಂದೆ ಬೇಕಾಗಬಹುದು’ ಎನ್ನುತ್ತಾರೆ. (ಬೆಂಗಳೂರು)

ಉತ್ತರ: ಬೇಡ. ಗೋಶಾಲೆಯಿಂದ ಯೋಗ ಶಿಬಿರದವರೆಗೆ 40 ಉದ್ದೇಶ ಬರೆದ ಸಂಸ್ಥೆ ಕೆರೆ ಒತ್ತುವರಿಯ ವಿರುದ್ಧ ಅರ್ಜಿ ಹಾಕಿದರೆ ‘ನಿಮಗೂ ಕೆರೆಗೂ ಏನು ಸಂಬಂಧ?’ ಎಂಬ ಪ್ರಶ್ನೆಗೆ ಗಟ್ಟಿ ಉತ್ತರ ಸಿಗುವುದಿಲ್ಲ.

ತೆರಿಗೆಯ ಕಡೆಯಿಂದಲೂ ಇಲ್ಲೊಂದು ಸೂಕ್ಷ್ಮವಿದೆ. ಕಾನೂನು ಹೇಳುವ ದತ್ತಿ ಉದ್ದೇಶಗಳಲ್ಲಿ ‘ಬಡವರಿಗೆ ನೆರವು’, ‘ಶಿಕ್ಷಣ’, ‘ಪರಿಸರ ಸಂರಕ್ಷಣೆ’ ಬೇರೆ ಬೇರೆ ತಲೆಬರಹ. ಕೊನೆಯಲ್ಲಿ ‘ಸಾರ್ವಜನಿಕರಿಗೆ ಸಾಮಾನ್ಯವಾಗಿ ಉಪಯುಕ್ತವಾದ ಬೇರೆ ಯಾವುದೇ ಉದ್ದೇಶ’ ಎಂಬುದಿದೆ. ಈ ಕೊನೆಯದರ ಕೆಳಗೆ ಬಿದ್ದರೆ, ಶುಲ್ಕ ಪಡೆದು ಮಾಡುವ ವ್ಯಾಪಾರ ಸ್ವರೂಪದ ಕೆಲಸದ ಆದಾಯ ವರ್ಷದ ಒಟ್ಟು ಜಮೆಯ 20% ದಾಟುವಂತಿಲ್ಲ. ತರಬೇತಿ ಶುಲ್ಕ, ಸಂಶೋಧನಾ ವರದಿಯ ಶುಲ್ಕ ಪಡೆಯುವ ಕಾನೂನು ಸಂಸ್ಥೆಗಳು ಇಲ್ಲಿ ಎಡವುತ್ತವೆ. ಆದ್ದರಿಂದ ಮೊದಲ ಉದ್ದೇಶ ಹೀಗಿರಲಿ: ‘ಬಡವರಿಗೆ ಹಾಗೂ ವಕೀಲರನ್ನು ನೇಮಿಸಿಕೊಳ್ಳಲು ಶಕ್ತಿಯಿಲ್ಲದವರಿಗೆ ಉಚಿತ ಕಾನೂನು ಸಲಹೆ ಮತ್ತು ನ್ಯಾಯಾಲಯಗಳಲ್ಲಿ ಪ್ರಾತಿನಿಧ್ಯ ದೊರೆಯುವಂತೆ ವಕೀಲರ ಶುಲ್ಕ ಮತ್ತು ವೆಚ್ಚ ಭರಿಸುವುದು.’ ಎರಡನೆಯದು ಕಾನೂನು ಅರಿವು ಮತ್ತು ತರಬೇತಿ. ಮೂರನೆಯದು ನೀವು ನಿಜವಾಗಿ ಕೆಲಸ ಮಾಡುವ ಕ್ಷೇತ್ರ. ಕೆರೆಯೋ, ಕಾರ್ಮಿಕರೋ, ಕೈದಿಗಳೋ, ಅದನ್ನು ಹೆಸರಿಟ್ಟು ಬರೆಯಿರಿ. ಮೊದಲನೆಯ ವಾಕ್ಯದಲ್ಲಿ ‘ಸಂಸ್ಥೆ ವಾದಿಸುವುದು’ ಎಂದಿಲ್ಲ, ಗಮನಿಸಿ. ಸಂಸ್ಥೆಗೆ ಸನ್ನದು (ವಕೀಲಿ ವೃತ್ತಿಯ ಪರವಾನಗಿ) ಸಿಗುವುದಿಲ್ಲ, ವಕೀಲರಿಗೆ ಸಿಗುತ್ತದೆ.

ತೆರಿಗೆ ನೋಂದಣಿಗೆ ಜನ ಇನ್ನೂ 12ಎ (ಸಂಸ್ಥೆಗೆ ತೆರಿಗೆ ವಿನಾಯಿತಿ), 80ಜಿ (ದಾನಿಗೆ ರಿಯಾಯಿತಿ) ಎಂದೇ ಹೇಳುತ್ತಾರೆ. 2026ರ ಏಪ್ರಿಲ್ 1ರಿಂದ 1961ರ ಕಾಯ್ದೆಯ ಬದಲು 2025ರ ಆದಾಯ ತೆರಿಗೆ ಕಾಯ್ದೆ. ಕಲಮುಗಳ ಸಂಖ್ಯೆ ಬದಲಾಗಿದೆಯಾದ್ದರಿಂದ ಹಳೆಯ ಕೈಪಿಡಿ ನೋಡಿ ಅರ್ಜಿ ತುಂಬಬೇಡಿ. ಹಳೆಯ ಕಾಯ್ದೆ ಹಾಕಿಕೊಟ್ಟ ಕ್ರಮ ಇದು: ಹೊಸ ಸಂಸ್ಥೆಗೆ ಮೊದಲು 3 ವರ್ಷದ ಹಂಗಾಮಿ ನೋಂದಣಿ. ಅದನ್ನು ಕಾಯಂ ಮಾಡಿಸುವ ಅರ್ಜಿಯನ್ನು ಅವಧಿ ಮುಗಿಯುವ 6 ತಿಂಗಳು ಮೊದಲು ಅಥವಾ ಕೆಲಸ ಶುರುವಾದ 6 ತಿಂಗಳೊಳಗೆ, ಯಾವುದು ಮೊದಲೋ ಆಗ ಹಾಕಬೇಕು. ‘ಮೂರು ವರ್ಷ ಇದೆಯಲ್ಲ’ ಎಂದು ಕೂತವರು ನೋಂದಣಿ ಕಳೆದುಕೊಂಡದ್ದು ಇದರಿಂದಲೇ. ನಗದಾಗಿ 2,000 ರೂಪಾಯಿಗಿಂತ ಹೆಚ್ಚು ಕೊಟ್ಟ ದಾನಿಗೆ ರಿಯಾಯಿತಿ ಇಲ್ಲ. ರಸೀದಿ ಪುಸ್ತಕ ಹಿಡಿದವರಿಗೆ ಇದನ್ನು ಮೊದಲೇ ಹೇಳಿಡಿ.

ಪ್ರಶ್ನೆ: ಸಂಸ್ಥೆಯ ವಕೀಲರಿಗೆ ತಿಂಗಳ ಸಂಬಳ ಕೊಡಬಹುದೆ? ನಾನೇ ವಕೀಲೆ, ನಾನೇ ಕಾರ್ಯನಿರ್ವಾಹಕ ನಿರ್ದೇಶಕಿಯಾಗಬಹುದೆ? (ಮೈಸೂರು)

ಉತ್ತರ: ಬಂದ ಪತ್ರಗಳಲ್ಲಿ ತೂಕದ ಪ್ರಶ್ನೆ ಇದೇ. ಸ್ವಲ್ಪ ವಿವರವಾಗಿ ಹೇಳುತ್ತೇವೆ.

ಭಾರತೀಯ ವಕೀಲರ ಪರಿಷತ್ತಿನ 49ನೇ ನಿಯಮದಂತೆ ವೃತ್ತಿಯಲ್ಲಿರುವ ವಕೀಲರು ಯಾವುದೇ ವ್ಯಕ್ತಿ, ಸರ್ಕಾರ, ಸಂಸ್ಥೆಯ ಪೂರ್ಣಾವಧಿ ಸಂಬಳದ ನೌಕರರಾಗುವಂತಿಲ್ಲ. ಸಂಸ್ಥೆಯ ಉದ್ದೇಶ ಎಷ್ಟೇ ಉದಾತ್ತವಾಗಿರಲಿ, ನಿಯಮಕ್ಕೆ ಅದರ ಹಂಗಿಲ್ಲ. ಬೇಕಾದರೆ ದಾರಿ ಎರಡು. ಕೋರ್ಟಿಗೆ ಹೋಗದೆ ಸಂಶೋಧನೆ, ತರಬೇತಿ, ಆಡಳಿತ ನೋಡಿಕೊಳ್ಳುವವರು ಸನ್ನದನ್ನು ತಾವಾಗಿಯೇ ಅಮಾನತಿನಲ್ಲಿಡಿಸಿ ಸಂಬಳಕ್ಕೆ ಸೇರಬಹುದು. ಕೋರ್ಟಿಗೆ ಹೋಗುವವರ ಜೊತೆ ವೃತ್ತಿಪರ ಶುಲ್ಕದ ಕರಾರು ಮಾಡಿಕೊಳ್ಳಬೇಕು: ಪ್ರತಿ ತಿಂಗಳು ಅವರು ಬಿಲ್ ಕೊಡುತ್ತಾರೆ, ಸಂಸ್ಥೆ 10% ತೆರಿಗೆಯನ್ನು (ಟಿಡಿಎಸ್) ಮೊದಲೇ ಕಡಿದು ಪಾವತಿಸುತ್ತದೆ, ಬೇರೆ ಕೇಸು ಹಿಡಿಯುವ ಸ್ವಾತಂತ್ರ್ಯ ಅವರಿಗಿರುತ್ತದೆ, ಹಾಜರಿ ಪುಸ್ತಕ, ರಜೆ ಚೀಟಿ ಇರುವುದಿಲ್ಲ. ಕರಾರಿನಲ್ಲಿ ಹೀಗೆ ಬರೆದು, ಆಚರಣೆಯಲ್ಲಿ ಬೆಳಿಗ್ಗೆ ಹತ್ತಕ್ಕೆ ಸಹಿ ಹಾಕಿಸಿ, ಭವಿಷ್ಯ ನಿಧಿ ಕಟ್ಟಿ, ವರ್ಷದ ಕೊನೆಗೆ ಸಂಬಳದ ತೆರಿಗೆ ಕಡಿತದ ಪ್ರಮಾಣಪತ್ರ ಕೊಟ್ಟರೆ ಆ ಕಾಗದವೇ ಸಾಕ್ಷಿ. ಕೇಸಿನಲ್ಲಿ ಸೋತ ಗುತ್ತಿಗೆದಾರ ರಾಜ್ಯ ವಕೀಲರ ಪರಿಷತ್ತಿಗೆ ವಕೀಲರ ಕಾಯ್ದೆಯ 35ನೇ ಕಲಮಿನಡಿ ದೂರು ಕೊಡಲು ಇನ್ನೇನೂ ಬೇಕಿಲ್ಲ.

ನಿಮ್ಮ ಎರಡನೇ ಪ್ರಶ್ನೆಗೆ 48ನೇ ನಿಯಮ. ವಕೀಲರು ಕಂಪನಿಯ ನಿರ್ದೇಶಕರಾಗಬಹುದು, ಮಂಡಳಿಯ ಅಧ್ಯಕ್ಷರೂ ಆಗಬಹುದು, ಸಭೆಯ ಭತ್ಯೆ ಪಡೆಯಬಹುದು. ಆದರೆ ಕಾರ್ಯನಿರ್ವಹಣೆಯ ಹೊಣೆ ಇರಕೂಡದು. ವ್ಯವಸ್ಥಾಪಕ ನಿರ್ದೇಶಕ, ಕಂಪನಿ ಕಾರ್ಯದರ್ಶಿ ಹುದ್ದೆಗಳಂತೂ ಆಗವು. ಅಂದರೆ 8ನೇ ಕಲಮಿನ ಕಂಪನಿಯಲ್ಲಿ ನೀವು ವಕಾಲತ್ತು ಹಾಕುತ್ತಲೇ ಕಾರ್ಯನಿರ್ವಾಹಕಿ ಆಗುವುದು ನಿಯಮದ ಎದುರಿಗೇ ನಿಂತಂತೆ. ಆ ಕುರ್ಚಿಗೆ ಸನ್ನದು ಅಮಾನತಿನಲ್ಲಿಟ್ಟವರನ್ನೋ ವಕೀಲರಲ್ಲದವರನ್ನೋ ಕೂರಿಸಿ. ಟ್ರಸ್ಟಾದರೆ 48ನೇ ನಿಯಮದ ಪದಗಳು ನೇರವಾಗಿ ಬಾಧಿಸವು. ಆದರೆ ಟ್ರಸ್ಟಿಯಾಗಿರುವ ವಕೀಲೆಗೇ ಟ್ರಸ್ಟ್ ಶುಲ್ಕ ಕೊಟ್ಟರೆ, ‘ಸ್ಥಾಪಕರಿಗೆ ಲಾಭ ಮಾಡಿಕೊಟ್ಟಿರಿ’ ಎಂದು ತೆರಿಗೆ ವಿನಾಯಿತಿಗೆ ಕುತ್ತು ಬರಬಹುದು. ಶುಲ್ಕ ಬೇಕಿದ್ದವರು ಟ್ರಸ್ಟಿಯಾಗಬಾರದು, ಟ್ರಸ್ಟಿಯಾದವರು ಉಚಿತವಾಗಿ ವಾದಿಸಬೇಕು. ಟ್ರಸ್ಟಿಗಳಲ್ಲಿ ಇಬ್ಬರಿಗಿಂತ ಹೆಚ್ಚು ವಕೀಲರು ಬೇಡವೆಂದದ್ದು ಇದಕ್ಕೇ.

ಇನ್ನು ಬೋರ್ಡು. 36ನೇ ನಿಯಮ ವಕೀಲರ ಜಾಹೀರಾತನ್ನು ನಿಷೇಧಿಸುತ್ತದೆ. ನಾಮಫಲಕದಲ್ಲಿ ಇಂಥ ಸಂಸ್ಥೆಯ ಅಥವಾ ಇಂಥ ಹೋರಾಟದ ಜೊತೆ ಸಂಬಂಧವಿದೆ ಎಂದೂ ತೋರಿಸುವಂತಿಲ್ಲ. ಸಂಸ್ಥೆಯ ಬೋರ್ಡಿನಲ್ಲಿ, ಕರಪತ್ರದಲ್ಲಿ ಸಂಸ್ಥೆಯ ಹೆಸರಿರಲಿ, ‘ವಕೀಲರಾದ ಇಂಥವರನ್ನು ಭೇಟಿಯಾಗಿ’ ಎಂಬ ಸಾಲು ಬೇಡ. ವಕೀಲರಲ್ಲದವರ ಜೊತೆ ಶುಲ್ಕ ಹಂಚಿಕೊಳ್ಳುವುದಕ್ಕೂ ನಿಷೇಧವಿದೆ. ‘ಗೆದ್ದರೆ ಪರಿಹಾರದಲ್ಲಿ ಇಷ್ಟು ಸಂಸ್ಥೆಗೆ’ ಎಂಬ ಮಾತು ಬಾಯಿಮಾತಿಗೂ ಬರಬಾರದು. ಫಲಿತಾಂಶದ ಮೇಲೆ ಶುಲ್ಕ ನಿಗದಿ ಮಾಡುವುದನ್ನು 20ನೇ ನಿಯಮ ತಡೆಯುತ್ತದೆ.

ವಕಾಲತ್ತಿನಲ್ಲಿ ಕನಿಷ್ಠ ಇಬ್ಬರು ವಕೀಲರ ಹೆಸರು ಬರೆಸಿ. ಇಂಥ ಸಂಸ್ಥೆಗಳಲ್ಲಿ ಕಿರಿಯರು ಎರಡು ಮೂರು ವರ್ಷಕ್ಕೆ ಹೊರಡುತ್ತಾರೆ, ಕೇಸು ಹೊರಡುವುದಿಲ್ಲ. ಒಬ್ಬರದೇ ವಕಾಲತ್ತಿದ್ದರೆ ಅವರನ್ನು ಹುಡುಕಿಕೊಂಡು ಹೋಗಿ ಆಕ್ಷೇಪಣೆಯಿಲ್ಲವೆಂಬ ಸಹಿ ತರುವುದೇ ಒಂದು ಕೆಲಸವಾಗುತ್ತದೆ.

ಪ್ರಶ್ನೆ: ನಾನು ವಕೀಲನಲ್ಲ, ನಿವೃತ್ತ ಶಿಕ್ಷಕ. ಇಂಥ ಸಂಸ್ಥೆ ಸ್ಥಾಪಿಸಲು ಬರುತ್ತದೆಯೆ? (ರಾಯಚೂರು)

ಉತ್ತರ: ಬರುತ್ತದೆ. ‘ಕಾಮನ್ ಕಾಸ್’ ಸಂಸ್ಥೆಯನ್ನು 1980ರಲ್ಲಿ ಕಟ್ಟಿದ ಎಚ್.ಡಿ. ಶೌರಿ ನಿವೃತ್ತ ಸರ್ಕಾರಿ ಅಧಿಕಾರಿ. ಧಾರವಾಡದ ಸಮಾಜ ಪರಿವರ್ತನ ಸಮುದಾಯವನ್ನು ಕಟ್ಟಿದ ಎಸ್.ಆರ್. ಹಿರೇಮಠರೂ ವಕೀಲರಲ್ಲ. ಕೋರ್ಟಿನಲ್ಲಿ ಬೇರೆಯವರ ಪರ ವಾದಿಸುವುದು ಮಾತ್ರ ವಕೀಲರ ಹಕ್ಕು. ನಿರ್ದಿಷ್ಟ ಕೇಸಿನಲ್ಲಿ ನ್ಯಾಯಾಲಯವೇ ಅನುಮತಿ ಕೊಟ್ಟರೆ ಬೇರೆ ಮಾತು. ಮಾಹಿತಿ ಹಕ್ಕಿನ ಅರ್ಜಿ, ಇಲಾಖೆಗೆ ಮನವಿ, ದಾಖಲೆ ಸಂಗ್ರಹ, ಸ್ಥಳ ಪರಿಶೀಲನೆಗೆಲ್ಲ ಸನ್ನದು ಬೇಡ, ತಾಳ್ಮೆ ಬೇಕು. ಶಿಕ್ಷಕರಿಗೆ ಅದರ ಅಭ್ಯಾಸ ಇದ್ದೇ ಇರುತ್ತದೆ.

ಮಾಹಿತಿ ಹಕ್ಕಿನ ಕಾಯ್ದೆ ಹಕ್ಕು ಕೊಟ್ಟಿರುವುದು ನಾಗರಿಕರಿಗೆ. ಸಂಸ್ಥೆಯ ಲೆಟರ್‌ಹೆಡ್‌ನಲ್ಲಿ ಕೇಳಿದರೆ ತಿರಸ್ಕರಿಸಲು ನೆಪ ಸಿಗುತ್ತದೆ. ವ್ಯಕ್ತಿಯ ಹೆಸರಿನಲ್ಲೇ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಆರು ವಿಷಯ ತುರುಕಿದ ಮೂರು ಪುಟದ ಅರ್ಜಿಗಿಂತ ಆರು ಚಿಕ್ಕ ಅರ್ಜಿ ಹೆಚ್ಚು ಕೆಲಸ ಮಾಡುತ್ತವೆ.

ಪ್ರಶ್ನೆ: ಪಿಐಎಲ್ (ಸಾರ್ವಜನಿಕ ಹಿತಾಸಕ್ತಿ ಅರ್ಜಿ) ಹಾಕುವಾಗ ಅರ್ಜಿದಾರರು ಯಾರಾಗಬೇಕು, ಸಂಸ್ಥೆಯೋ ತೊಂದರೆಗೊಳಗಾದವರೋ? (ಶಿವಮೊಗ್ಗ)

ಉತ್ತರ: ಸ್ವತಃ ನೊಂದವರು ಮುಂದೆ ಬರಲು ಸಾಧ್ಯವಿದ್ದರೆ ಅವರೇ. ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಹುಟ್ಟೇ ‘ಬರಲಾರದವರ ಪರವಾಗಿ ಬೇರೆಯವರು ಬರಬಹುದು’ ಎಂಬಲ್ಲಿಂದ. 1979ರ ಹುಸೇನಾರಾ ಖಾತೂನ್ ಪ್ರಕರಣದಲ್ಲಿ ಬಿಹಾರದ ಜೈಲುಗಳಲ್ಲಿ ಕೊಳೆಯುತ್ತಿದ್ದ ವಿಚಾರಣಾಧೀನ ಕೈದಿಗಳ ಪರವಾಗಿ ವಕೀಲೆ ಕಪಿಲಾ ಹಿಂಗೋರಾನಿ ಸುಪ್ರೀಂ ಕೋರ್ಟಿಗೆ ಹೋದರು. 1981ರ ಎಸ್.ಪಿ. ಗುಪ್ತಾ ತೀರ್ಪು ಆ ದಾರಿಯನ್ನು ಅಗಲ ಮಾಡಿತು. ದಾರಿ ಅಗಲವಾದ ಮೇಲೆ ಪ್ರಚಾರಕ್ಕೆ, ಹಗೆ ತೀರಿಸಲು, ವಸೂಲಿಗೆ ಅರ್ಜಿ ಹಾಕುವವರೂ ನುಗ್ಗಿದರು. ಅದಕ್ಕೇ 2010ರ ಬಲವಂತ್ ಸಿಂಗ್ ಚೌಫಾಲ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಅರ್ಜಿದಾರರ ಹಿನ್ನೆಲೆ ಪರಿಶೀಲಿಸಿ, ಹುರುಳಿಲ್ಲದ ಅರ್ಜಿಗೆ ದಂಡ ಹಾಕಿ, ಪ್ರತಿ ಹೈಕೋರ್ಟೂ ನಿಯಮ ಮಾಡಿಕೊಳ್ಳಲಿ ಎಂದಿತು. ನಮ್ಮ ಹೈಕೋರ್ಟಿಗೆ 2018ರ ಪಿಐಎಲ್ ನಿಯಮಗಳಿವೆ. ಅರ್ಜಿ ಬರೆಯುವ ಮೊದಲು ಅವನ್ನು ಎದುರಿಗಿಟ್ಟುಕೊಳ್ಳಿ.

ನಮ್ಮ ಶಿಫಾರಸು ಜಂಟಿ ಅರ್ಜಿ: ಕೆರೆಯ ಕೇಸೆಂದುಕೊಂಡರೆ, ಮೊದಲ ಅರ್ಜಿದಾರರು ಆ ಊರಿನ, ಆ ಕೆರೆಯ ನೀರು ಬಳಸುವ ಇಬ್ಬರು, ಮೂರನೆಯದು ಸಂಸ್ಥೆ. ಊರಿನವರ ಮೇಲೆ ಒತ್ತಡ ಬಂದು ಹಿಂದೆ ಸರಿದರೂ ಅರ್ಜಿ ಉಳಿಯುತ್ತದೆ. ಸಂಸ್ಥೆಯ ನೋಂದಣಿಯಲ್ಲಿ ಲೋಪ ತೆಗೆದರೂ ಉಳಿಯುತ್ತದೆ. 1980ರ ದಶಕದಲ್ಲಿ ಕರ್ನಾಟಕ ಪಲ್ಪ್‌ವುಡ್ ಕಂಪನಿಗೆ ಹಳ್ಳಿಗರ ಸಾಮಾನ್ಯ ಭೂಮಿ ಕೊಟ್ಟದ್ದರ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದಾಗ ಸಮಾಜ ಪರಿವರ್ತನ ಸಮುದಾಯದ ಜೊತೆ ಶಿವರಾಮ ಕಾರಂತರೂ ಅರ್ಜಿದಾರರಾಗಿದ್ದರು. ಅರ್ಜಿದಾರರ ಪ್ರಾಮಾಣಿಕತೆಯನ್ನು ಯಾರೂ ಪ್ರಶ್ನಿಸದಂಥ ಹೆಸರು ಅದು. ಎಲ್ಲ ಊರಲ್ಲೂ ಕಾರಂತರು ಸಿಗುವುದಿಲ್ಲ. ಆದರೆ ಆ ವಿಷಯದಲ್ಲಿ ಖಾಸಗಿ ಲಾಭವಿಲ್ಲದ, ಕ್ರಿಮಿನಲ್ ಕೇಸಿನ ತಂಟೆಯಿಲ್ಲದ, ಪಕ್ಷದ ಪದಾಧಿಕಾರಿಯಲ್ಲದ ಒಬ್ಬರು ಸಿಗುತ್ತಾರೆ.

ಅರ್ಜಿಗೆ ಮೊದಲು ಕಡತದಲ್ಲಿ ಏನೇನು ಇರಬೇಕು? ಸಂಬಂಧಿಸಿದ ಅಧಿಕಾರಿಗೆ ಕೊಟ್ಟ ಲಿಖಿತ ಮನವಿ ಮತ್ತು ಅದು ತಲುಪಿದ ಸ್ವೀಕೃತಿ. ಇದಿಲ್ಲದಿದ್ದರೆ ‘ಮೊದಲು ಮನವಿ ಕೊಡಿ’ ಎಂದು ವಾಪಸಾಗುವ ಸಂಭವ ಹೆಚ್ಚು. ಮಾಹಿತಿ ಹಕ್ಕಿನಲ್ಲಿ ಪಡೆದ ದಾಖಲೆ, ಏಕೆಂದರೆ ಪತ್ರಿಕಾ ವರದಿಯ ತುಣುಕೊಂದರ ಮೇಲೆ ನಿಂತ ಅರ್ಜಿ ನಿಲ್ಲುವುದಿಲ್ಲ. ಸರ್ವೆ ನಕ್ಷೆ, ಪಹಣಿ, ದಿನಾಂಕವಿರುವ ಫೋಟೊ. ಸಂಸ್ಥೆ ಅರ್ಜಿದಾರನಾದರೆ ಸಭೆಯ ಠರಾವು, ಅದರಲ್ಲಿ ಯಾರು ಪ್ರಮಾಣಪತ್ರಕ್ಕೆ ಸಹಿ ಹಾಕಬೇಕೆಂಬ ಅಧಿಕಾರ. ಅರ್ಜಿ ಹಾಕಿದ ತಾರೀಖಿನ ನಂತರ ಬರೆದ ಠರಾವು ಎಷ್ಟೋ ಕಡತಗಳಲ್ಲಿ ಸಿಗುತ್ತದೆ. ಎದುರಿನವರಿಗೆ ಅದು ಹಬ್ಬದೂಟ. ಇನ್ನು ಕನ್ನಡದ ದಾಖಲೆಗಳ ಇಂಗ್ಲಿಷ್ ಅನುವಾದ: ಸಂವಿಧಾನದ 348ನೇ ವಿಧಿಯಂತೆ ಮೇಲಿನ ಕೋರ್ಟುಗಳ ಭಾಷೆ ಇಂಗ್ಲಿಷ್. 200 ಪುಟದ ಕಂದಾಯ ಕಡತಕ್ಕೆ ಅನುವಾದಕರು, ಬೆರಳಚ್ಚು, ಪ್ರತಿಗಳೆಂದು ಖರ್ಚು ಏರುತ್ತದೆ. ಬಜೆಟ್ಟಿನಲ್ಲಿ ಇದಕ್ಕೆ ಬೇರೆ ಸಾಲು ಹಾಕದ ಸಂಸ್ಥೆ ಮೊದಲ ಕೇಸಿಗೇ ಕೈ ಸುಟ್ಟುಕೊಳ್ಳುತ್ತದೆ.

ಎಲ್ಲಕ್ಕೂ ಪಿಐಎಲ್ಲೇ ಬೇಕೆಂದೂ ಇಲ್ಲ. ಪರಿಸರದ ವಿಷಯಕ್ಕೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಇದೆ, ನಮಗೆ ಚೆನ್ನೈನ ದಕ್ಷಿಣ ಪೀಠ. ಪರಿಹಾರ ಕೇಳದ ಅರ್ಜಿಗೆ 1,000 ರೂಪಾಯಿ ಶುಲ್ಕ. ಅಲ್ಲಿ ಗಡುವು ಬಿಗಿ: ಸಾಮಾನ್ಯ ಅರ್ಜಿಗೆ 6 ತಿಂಗಳು, ಪರಿಸರ ಅನುಮತಿ ಆದೇಶದ ಮೇಲ್ಮನವಿಗೆ 30 ದಿನ, ಎರಡಕ್ಕೂ ಹೆಚ್ಚೆಂದರೆ ಇನ್ನು 60 ದಿನ. ಗ್ರಾಹಕರ ವಿಷಯಕ್ಕೆ ನೋಂದಾಯಿತ ಸ್ವಯಂಸೇವಾ ಗ್ರಾಹಕ ಸಂಘ ತಾನೇ ದೂರುದಾರ ಆಗಬಹುದು. ಸಾರ್ವಜನಿಕ ಉಪದ್ರವಕ್ಕೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 91ನೇ ಕಲಮಿನಲ್ಲಿ ಇಬ್ಬರು ಸೇರಿ, ಕೋರ್ಟಿನ ಅನುಮತಿ ಪಡೆದು ದಾವೆ ಹೂಡಬಹುದು. ಜಿಲ್ಲೆಯಲ್ಲೇ ಮುಗಿಯುವ ಕೆಲಸಕ್ಕೆ ಬೆಂಗಳೂರಿನ ಬಸ್ಸು ಹಿಡಿಯಬೇಕಾಗಿಲ್ಲ.

ಪ್ರಶ್ನೆ: ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದಲ್ಲ, ಮತ್ತೆ ಇಂಥ ಸಂಸ್ಥೆ ಏಕೆ? (ಹಾಸನ)

ಉತ್ತರ: 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಂತೆ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ-ಪಂಗಡದವರು, ಅಂಗವಿಕಲರು, ಬಂಧನದಲ್ಲಿರುವವರು, ಕಾರ್ಮಿಕರು ಮೊದಲಾದವರಿಗೆ ಉಚಿತ ನೆರವು ಸಿಗುತ್ತದೆ. ಸಹಾಯವಾಣಿ 15100. ಜೀವನಾಂಶ, ಜಾಮೀನು, ಅಪಘಾತ ಪರಿಹಾರದಂಥ ಒಬ್ಬೊಬ್ಬರ ಕೇಸಿಗೆ ಜನರನ್ನು ಅಲ್ಲಿಗೇ ಕಳಿಸಿ, ಜೊತೆಗೆ ಹೋಗಿ ಅರ್ಜಿ ತುಂಬಿಸಿ. ನಿಮ್ಮ ಹಣ, ಸಮಯ ಉಳಿಯಬೇಕಾದ್ದು ಒಂದೇ ಅನ್ಯಾಯ ನೂರಾರು ಜನಕ್ಕೆ ಆಗುತ್ತಿರುವ ಕಡೆ. ಅಂಥ ಕೇಸಿಗೆ ಬೇಕಾದ ಸಮೀಕ್ಷೆ, ದಾಖಲೆ ಸಂಗ್ರಹ, ತೀರ್ಪಿನ ನಂತರದ ಬೆನ್ನಟ್ಟುವಿಕೆ ಪ್ರಾಧಿಕಾರದ ಪಟ್ಟಿಯಲ್ಲಿರುವ (ಪ್ಯಾನಲ್) ವಕೀಲರೊಬ್ಬರಿಂದ ಆಗುವ ಕೆಲಸವಲ್ಲ.

ಪ್ರಶ್ನೆ: ಅಮೆರಿಕದಲ್ಲಿರುವ ನಮ್ಮೂರ ಹುಡುಗರು ಹಣ ಕಳಿಸುತ್ತೇವೆ ಎನ್ನುತ್ತಾರೆ. ತೆಗೆದುಕೊಳ್ಳಬಹುದೆ? (ಮಂಡ್ಯ)

ಉತ್ತರ: ಅವರ ಕೈಯಲ್ಲಿರುವ ಪಾಸ್‌ಪೋರ್ಟ್ ಯಾವ ದೇಶದ್ದು ಎಂದು ಮೊದಲು ಕೇಳಿ. ಭಾರತದ ಪಾಸ್‌ಪೋರ್ಟ್ ಇರುವ ಅನಿವಾಸಿ ತನ್ನ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ವಂತಿಗೆಯಲ್ಲ. ಅಮೆರಿಕದ ಪೌರತ್ವ ಪಡೆದವರು ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡು ಇಟ್ಟುಕೊಂಡಿದ್ದರೂ ಕಾನೂನಿನ ಕಣ್ಣಿಗೆ ವಿದೇಶಿ ಮೂಲ. ಅಲ್ಲಿನ ಕನ್ನಡ ಕೂಟ ಒಟ್ಟುಮಾಡಿ ಕಳಿಸುವ ಹಣವೂ ಹಾಗೆಯೇ. ಪಾಸ್‌ಪೋರ್ಟಿನ ಪ್ರತಿಯನ್ನು ರಸೀದಿಯ ಜೊತೆ ಇಟ್ಟುಕೊಳ್ಳಿ.

ವಿದೇಶಿ ವಂತಿಗೆಗೆ 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯ, ಅಂದರೆ ಎಫ್‌ಸಿಆರ್‌ಎ ನೋಂದಣಿ ಬೇಕು. ಅದಕ್ಕೆ ಸಂಸ್ಥೆಗೆ 3 ವರ್ಷ ತುಂಬಿರಬೇಕು, ಆ ಮೂರು ವರ್ಷದಲ್ಲಿ ಮುಖ್ಯ ಚಟುವಟಿಕೆಗೆ 15 ಲಕ್ಷ ರೂಪಾಯಿ ಖರ್ಚಾಗಿರಬೇಕು. ಹಣ ಮೊದಲು ಬರಬೇಕಾದ್ದು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೆ. ಬೇರೆ ಸಂಸ್ಥೆಗೆ ದಾಟಿಸುವಂತಿಲ್ಲ. 2020ರ ತಿದ್ದುಪಡಿಯ ನಂತರ ಆಡಳಿತ ವೆಚ್ಚಕ್ಕೆ 20% ಮಿತಿ. ಕಾನೂನು ಸಂಸ್ಥೆಗೆ ಇಲ್ಲೊಂದು ಮುಳ್ಳಿದೆ: ‘ಕಾನೂನು ಮತ್ತು ವೃತ್ತಿಪರ ಶುಲ್ಕ’ ಆಡಳಿತ ವೆಚ್ಚದ ಪಟ್ಟಿಯಲ್ಲೇ ಇದೆ. ಕಕ್ಷಿದಾರರ ಕೇಸಿಗೆ ಕೊಟ್ಟ ವಕೀಲರ ಶುಲ್ಕ ನಿಮ್ಮ ಕಾರ್ಯಕ್ರಮದ ಖರ್ಚು, ಕಚೇರಿಯ ಖರ್ಚಲ್ಲ ಎಂದು ಲೆಕ್ಕದ ಪುಸ್ತಕದಲ್ಲಿ ಕೇಸಿನ ಸಂಖ್ಯೆ ಸಮೇತ ಮೊದಲ ದಿನದಿಂದಲೇ ಬೇರ್ಪಡಿಸಿ ಬರೆಯಿರಿ. ಇಂದಿರಾ ಜೈಸಿಂಗ್ ಮತ್ತು ಆನಂದ್ ಗ್ರೋವರ್ 1981ರಲ್ಲಿ ಕಟ್ಟಿದ ‘ಲಾಯರ್ಸ್ ಕಲೆಕ್ಟಿವ್’ನಂಥ ಹಳೆಯ ಸಂಸ್ಥೆಯ ನೋಂದಣಿಯನ್ನೇ ಕೇಂದ್ರ ಸರ್ಕಾರ 2016ರಲ್ಲಿ ರದ್ದುಮಾಡಿತು, ಅದು ಸರಿಯೇ ತಪ್ಪೇ ಎಂಬ ವಿವಾದ ಕೋರ್ಟಿಗೆ ಹೋಯಿತು. ಹೊಸಬರಿಗೆ ನಾವು ಹೇಳುವುದಿಷ್ಟೆ: ಮೊದಲ ಐದು ವರ್ಷ ವಿದೇಶಿ ಹಣವಿಲ್ಲದೆ ನಡೆಯುವಂತೆ ಲೆಕ್ಕ ಹಾಕಿ.

ಕಂಪನಿಗಳು ಸಾಮಾಜಿಕ ಹೊಣೆಗೆಂದು ಕೊಡುವ ಸಿಎಸ್‌ಆರ್ ಹಣದ ಆಸೆಯನ್ನೂ ಹೆಚ್ಚು ಇಟ್ಟುಕೊಳ್ಳಬೇಡಿ. ಕಾನೂನು ಅರಿವಿನ ಶಿಬಿರಕ್ಕೆ ಕೊಟ್ಟಾರು, ಕೇಸಿಗೆ ಕೊಡುವ ಕಂಪನಿ ಅಪರೂಪ. ಊರೂರಿನ ಹಿರಿಯ ವಕೀಲರು, ನಿವೃತ್ತರು, ಅಧ್ಯಾಪಕರಿಂದ ತಿಂಗಳಿಗೆ 500 ರೂಪಾಯಿಯಂತೆ 200 ಜನ ಕೊಟ್ಟರೆ ತಿಂಗಳಿಗೆ ಒಂದು ಲಕ್ಷ. ಸಣ್ಣ ಪಟ್ಟಣದಲ್ಲಿ ಇಬ್ಬರು ವಕೀಲರ ಶುಲ್ಕ, ಗುಮಾಸ್ತರೊಬ್ಬರು, ಬಾಡಿಗೆ, ನಕಲು-ಅನುವಾದ ಅದರಲ್ಲಿ ಹಿಗ್ಗಿಸಿಕೊಂಡು ನಡೆಯುತ್ತವೆ. ಇಷ್ಟು ಜನರಲ್ಲಿ ಒಬ್ಬ ದಾನಿ ಮುನಿದರೂ ಕೇಸು ನಿಲ್ಲುವುದಿಲ್ಲ.

ಪ್ರಶ್ನೆ: ಧರಣಿ, ಜಾಥಾ ಮಾಡುವ ಸಂಘಟನೆಯೇ ಕಾನೂನು ಘಟಕ ತೆರೆದರೆ ಸಾಲದೆ? (ಕಲಬುರಗಿ)

ಉತ್ತರ: ಜೊತೆಯಲ್ಲಿರಲಿ, ಒಂದೇ ಆಗುವುದು ಬೇಡ. ಅಮೆರಿಕದಲ್ಲಿ ಕಪ್ಪು ಜನರ ಹಕ್ಕಿಗಾಗಿ ಹೋರಾಡುತ್ತಿದ್ದ ಎನ್‌ಎಎಸಿಪಿ ಶಾಸನಸಭೆಯ ಮೇಲೆ ಒತ್ತಡ ತರುವ ಸಂಘಟನೆಯೂ ಆಗಿತ್ತು, ಅದಕ್ಕೆ ತೆರಿಗೆ ರಿಯಾಯಿತಿ ಸಿಗಲಿಲ್ಲ. ಅದಕ್ಕೇ 1940ರಲ್ಲಿ ಥರ್ಗುಡ್ ಮಾರ್ಷಲ್ ನೇತೃತ್ವದಲ್ಲಿ ಕೇಸುಗಳಿಗೆಂದೇ ಬೇರೆ ನಿಧಿ ಸಂಸ್ಥೆ ಹುಟ್ಟಿತು. ಶಾಲೆಗಳಲ್ಲಿ ಕಪ್ಪು ಮಕ್ಕಳನ್ನು ಬೇರೆ ಕೂರಿಸುವುದು ತಪ್ಪೆಂದ 1954ರ ಬ್ರೌನ್ ತೀರ್ಪನ್ನು ಗೆದ್ದದ್ದು ಆ ವಕೀಲರು. 1957ರಲ್ಲಿ ಎರಡೂ ಪೂರ್ತಿ ಬೇರೆಯಾದವು. ನಮ್ಮಲ್ಲೂ ಕಾರಣ ಅಂಥದೇ: ರಾಜಕೀಯ ಸ್ವರೂಪದ ಸಂಘಟನೆ ಎಂಬ ಹಣೆಪಟ್ಟಿ ವಿದೇಶಿ ವಂತಿಗೆಗೆ ಅಡ್ಡ ಬರುತ್ತದೆ, ಧರಣಿಯ ಕ್ರಿಮಿನಲ್ ಕೇಸುಗಳು ಅರ್ಜಿದಾರರ ಹಿನ್ನೆಲೆಗೆ ಅಂಟಿಕೊಳ್ಳುತ್ತವೆ. ಬೇರೆ ನೋಂದಣಿ, ಬೇರೆ ಬ್ಯಾಂಕ್ ಖಾತೆ, ಬೇರೆ ಪದಾಧಿಕಾರಿಗಳು. ಸಭೆಗೆ ಒಟ್ಟಿಗೆ ಕೂತು ಚಹಾ ಕುಡಿಯಲು ಯಾವ ನಿಯಮವೂ ಅಡ್ಡಿಯಿಲ್ಲ.

ಪ್ರಶ್ನೆ: ಕಕ್ಷಿದಾರರು ನಡುವೆ ರಾಜಿಗೆ ಒಪ್ಪಿಬಿಟ್ಟರೆ ಸಂಸ್ಥೆ ಏನು ಮಾಡಬೇಕು? ಅನುದಾನ ನಿಂತರೆ ಕೇಸಿನ ಗತಿ? (ಉಡುಪಿ)

ಉತ್ತರ: ಸ್ವಂತ ಕೇಸಾದರೆ ರಾಜಿ ಕಕ್ಷಿದಾರರ ಹಕ್ಕು. ಹತ್ತು ವರ್ಷ ಹಳಬರಾದ ಗುತ್ತಿಗೆ ನೌಕರರಿಗೆ ಕಂಪನಿ ಎರಡು ಲಕ್ಷ ಕೊಡುತ್ತೇನೆ ಎಂದರೆ, ‘ಇನ್ನೆರಡು ವರ್ಷ ತಡೆದರೆ ಮಾದರಿ ತೀರ್ಪು ಬರುತ್ತದೆ’ ಎಂದು ಸಂಸ್ಥೆ ಅವರನ್ನು ಕಟ್ಟಿಹಾಕುವಂತಿಲ್ಲ. ವಕೀಲರು ಹಣ ಕೊಡುವ ಸಂಸ್ಥೆಗಲ್ಲ, ವಕಾಲತ್ತಿಗೆ ಸಹಿ ಹಾಕಿದವರಿಗೆ ಬದ್ಧರು. ಮೊದಲ ದಿನವೇ ಒಂದು ಪುಟದ ಕನ್ನಡ ಪತ್ರಕ್ಕೆ ಇಬ್ಬರೂ ಸಹಿ ಹಾಕಿ: ಶುಲ್ಕ ಸಂಸ್ಥೆ ಕೊಡುತ್ತದೆ, ತೀರ್ಮಾನ ನಿಮ್ಮದು, ನೀವು ಹೇಳಿದ ಗುಟ್ಟು ವಕೀಲರಲ್ಲೇ ಉಳಿಯುತ್ತದೆ. ಈ ಕೊನೆಯ ಮಾತಿಗೆ ಕಾನೂನಿನ ಬಲವಿದೆ. ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಂ ವಕೀಲರಿಗೂ ಅವರ ಗುಮಾಸ್ತರು, ದುಭಾಷಿಗಳಿಗೂ ರಕ್ಷಣೆ ಕೊಡುತ್ತದೆ. ಟ್ರಸ್ಟಿಗಳು ಆ ಪಟ್ಟಿಯಲ್ಲಿಲ್ಲ. ಆದ್ದರಿಂದ ಟ್ರಸ್ಟಿಗಳ ಸಭೆಗೆ ಕೇಸಿನ ಸಂಖ್ಯೆ, ಹಂತ, ಖರ್ಚು ಮಾತ್ರ ಬರಲಿ, ಕಕ್ಷಿದಾರರ ಕಥೆ ಬೇಡ. ನಡಾವಳಿ ಪುಸ್ತಕದಲ್ಲಂತೂ ಬೇಡವೇ ಬೇಡ.

ಪಿಐಎಲ್ ಆದರೆ ಲೆಕ್ಕ ಬೇರೆ. ಅರ್ಜಿದಾರರು ತಮಗೆ ಬೇಕೆಂದಾಗ ಹಿಂತೆಗೆದುಕೊಳ್ಳುವುದು ಹಕ್ಕಲ್ಲ ಎಂದು ಸುಪ್ರೀಂ ಕೋರ್ಟ್ 1988ರ ಶೀಲಾ ಬಾರ್ಸೆ ಪ್ರಕರಣದಲ್ಲಿ ಹೇಳಿದೆ. ಕೋರ್ಟ್ ಅವರನ್ನು ಬಿಟ್ಟು ಕೇಸನ್ನು ಮುಂದುವರಿಸಬಹುದು.

ಅನುದಾನದ ಅವಧಿ ಎರಡು ವರ್ಷ, ಕೇಸಿನದು ಯಾರಿಗೂ ಗೊತ್ತಿಲ್ಲ. ಬಳ್ಳಾರಿ ಗಣಿ ಅಕ್ರಮದ ಅರ್ಜಿ 2009ರದು. ಮುಖ್ಯ ತೀರ್ಪು ಬಂದದ್ದು 2013ರ ಏಪ್ರಿಲ್‌ನಲ್ಲಿ, ಅದರ ಜಾರಿಯ ವಿಷಯ ಆಮೇಲೂ ಕೋರ್ಟಿನಲ್ಲೇ ಇತ್ತು. ಹಣ ನಿಂತಿತೆಂದು ವಕೀಲರು ಮುಂದಿನ ವಾಯಿದೆಗೆ ಗೈರಾಗುವಂತಿಲ್ಲ. ಹಿಂದೆ ಸರಿಯಲು ತಕ್ಕ ಕಾರಣವೂ ಸಾಕಷ್ಟು ಮುಂಚಿನ ನೋಟಿಸೂ ಬೇಕೆಂದು ವಕೀಲರ ಪರಿಷತ್ತಿನ 12ನೇ ನಿಯಮ ಹೇಳುತ್ತದೆ. ತೆರಿಗೆ ವಿನಾಯಿತಿ ಉಳಿಯಬೇಕಾದರೆ ವರ್ಷದ ಆದಾಯದ 85% ಖರ್ಚಾಗಬೇಕು, ಉಳಿದ 15% ಇಟ್ಟುಕೊಳ್ಳಬಹುದು. ಆ 15 ಭಾಗವನ್ನು ಪ್ರತಿ ವರ್ಷ ಬೇರೆ ಖಾತೆಗೆ ಹಾಕಿ, ಅದರಿಂದ ನಡೆಯುತ್ತಿರುವ ಕೇಸುಗಳನ್ನು ಬಿಟ್ಟು ಬೇರೇನಕ್ಕೂ ತೆಗೆಯಬಾರದೆಂದು ಠರಾವು ಮಾಡಿ. ಹೊಸ ಕೇಸು ಹಿಡಿಯುವಾಗ ಆ ಖಾತೆಯಲ್ಲಿ ಎಷ್ಟಿದೆ ನೋಡಿ ಹಿಡಿಯಿರಿ. ಕೇಸು ಮುಗಿದ ದಿನ ಮೂಲ ದಾಖಲೆಗಳನ್ನು ಪಟ್ಟಿ ಸಮೇತ ಕಕ್ಷಿದಾರರಿಗೆ ಹಿಂತಿರುಗಿಸಿ ಸಹಿ ಪಡೆದುಕೊಳ್ಳಿ. ಹಳೆಯ ಪಹಣಿ, ಕ್ರಯಪತ್ರ ಸಂಸ್ಥೆಯ ಬೀರುವಿನಲ್ಲಿ ಉಳಿದುಹೋದರೆ ಮುಂದಿನ ನೋಟಿಸು ನಿಮಗೇ ಬಂದೀತು.